‘ಯಾರ ಜೊತೆ ಹೋದಳು’ ಎಂದು ಕೇಳುವ ಮುನ್ನ

‘ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು, ಮನೆಯಿಂದ ಹೋಗುವಾಗ ನೀಲಿ ಚೂಡಿದಾರ ಧರಿಸಿದ್ದಳು, ಕನ್ನಡ, ಹಿಂದಿ ಮಾತನಾಡಬಲ್ಲಳು.’ ಜಿಲ್ಲಾ ಪುಟದ ಮೂಲೆಯಲ್ಲಿ ಈ ಧಾಟಿಯ ಪ್ರಕಟಣೆ ಕಂಡಿರದ ಕನ್ನಡ ಓದುಗರು ಇರಲಿಕ್ಕಿಲ್ಲ. ಹುಡುಗಿಯ ಎತ್ತರ, ತೊಟ್ಟ ಬಟ್ಟೆ, ಬಲ್ಲ ಭಾಷೆ ಎಲ್ಲವೂ ಅದರಲ್ಲಿರುತ್ತವೆ. ಅವಳು ತಿಂಗಳುಗಟ್ಟಲೆ ಯಾರೊಂದಿಗೆ ಮಾತನಾಡುತ್ತಿದ್ದಳು, ಯಾವುದಕ್ಕೆ ಹೆದರಿದ್ದಳು, ಏನನ್ನು ಹೇಳಲಾರದೆ ನುಂಗಿಕೊಂಡಿದ್ದಳು ಎಂಬುದು ಇರುವುದಿಲ್ಲ. ಪತ್ರಿಕೆಯಲ್ಲಿ ಬರಬೇಕಾದ ಸಂಗತಿ ಅದಲ್ಲ, ನಿಜ. ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಬೇಕಾಗಿತ್ತು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 83,350 ಮಕ್ಕಳು ಕಾಣೆಯಾದರು. ಅವರಲ್ಲಿ 62,946 ಮಂದಿ ಹೆಣ್ಣುಮಕ್ಕಳು, ಅಂದರೆ ನಾಲ್ವರಲ್ಲಿ ಮೂವರು. ಅದೇ ವರ್ಷ 80,561 ಮಕ್ಕಳು ಪತ್ತೆಯೂ ಆದರು ಎನ್ನುತ್ತದೆ ಅದೇ ವರದಿ. ಸಿಕ್ಕ ಮಗು ಯಾವ ಸ್ಥಿತಿಯಲ್ಲಿ ಸಿಕ್ಕಿತು, ಮತ್ತೆ ಶಾಲೆಯ ಮೆಟ್ಟಿಲು ಹತ್ತಿತೇ ಎಂಬುದನ್ನು ಆ ಅಂಕಿಯಿಂದ ತಿಳಿಯಲಾಗದು.

ಅಂಕಿಯ ಹಿಂದಿನ ಬದುಕು ತಿಳಿಯಲು ಒಂದು ಸೀಮೆಯನ್ನು ನೋಡೋಣ. ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಒಂದೇ ದಾರಿಯ ಮೇಲಿವೆ. ಜೇವರ್ಗಿ ಕಡೆಯಿಂದ ಬಳ್ಳಾರಿ ಕಡೆಗೆ ಇಳಿಯುವ 150ಎ ರಾಷ್ಟ್ರೀಯ ಹೆದ್ದಾರಿ ಮೂರನ್ನೂ ಹಾದುಹೋಗುತ್ತದೆ. ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ, ಭತ್ತವಿದೆ, ಅಕ್ಕಿ ಗಿರಣಿಗಳಿವೆ. 2024ರಲ್ಲಿ ರೈಲೂ ಬಂತು. ಮಸ್ಕಿ ಮತ್ತು ಲಿಂಗಸುಗೂರಿನ ಅನೇಕ ಹಳ್ಳಿಗಳು ಇಂದಿಗೂ ಮಳೆಯನ್ನೇ ನೆಚ್ಚಿವೆ. ನೀರಿಗಾಗಿ 5ಎ ಕಾಲುವೆ ಹೋರಾಟ ನಡೆದದ್ದು ಮಸ್ಕಿಯ ಸೀಮೆಯಲ್ಲೇ. ಮಳೆ ಕೈಕೊಟ್ಟ ವರ್ಷ ಜನ ಗಂಟುಮೂಟೆ ಕಟ್ಟಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಹೈಸ್ಕೂಲಿನಲ್ಲಿ ಓದುವ ಮಗಳು ಅಜ್ಜಿಯ ಹತ್ತಿರ ಉಳಿಯುತ್ತಾಳೆ. ಅವಳ ಪಾಲಿಗೆ ಅವ್ವ ಅಂದರೆ ಮೊಬೈಲಿನಲ್ಲಿ ಬರುವ ದನಿ.

ಗುಳೆಯ ಈ ಮಾತನ್ನು ಮೊದಲೇ ಹೇಳಲು ಕಾರಣವಿದೆ. ಹುಡುಗಿಯೊಬ್ಬಳು ಕಾಣೆಯಾದ ಸುದ್ದಿ ಬಂದ ಕೂಡಲೇ ಕಟ್ಟೆಯ ಮೇಲೆ ಕೂತವರಿಂದ ಹಿಡಿದು ವೇದಿಕೆಯ ಮೇಲೆ ನಿಂತವರವರೆಗೆ ಎಲ್ಲರದೂ ಒಂದೇ ತೀರ್ಪು: ‘ಮೊಬೈಲ್ ಕೊಟ್ಟಿದ್ದೇ ತಪ್ಪಾತು.’ ಕೊಡದೆ ಇರುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ. 2020ರಲ್ಲಿ ಕೋವಿಡ್ ಬಂದು ಶಾಲೆ ಮುಚ್ಚಿದಾಗ ಮೊಬೈಲ್ ಕೊಡಿಸಿ ಎಂದು ಪಾಲಕರಿಗೆ ಹೇಳಿದ್ದು ಶಾಲೆಗಳೇ. ಇಂದು ವಿದ್ಯಾರ್ಥಿವೇತನದ ಒಟಿಪಿ ಬರುವುದೂ, ಮೇಷ್ಟ್ರು ನೋಟ್ಸ್ ಹಾಕುವುದೂ, ಗುಳೆ ಹೋದ ಅಪ್ಪ ದುಡ್ಡು ಹಾಕಿದ ಸಂದೇಶ ಬರುವುದೂ ಅದರಲ್ಲೇ. ‘ಅಸರ್ 2024’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16ರ ವಯಸ್ಸಿನ ಮಕ್ಕಳಲ್ಲಿ ಶೇ 82.2ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಸಮೀಕ್ಷೆಯ ಹಿಂದಿನ ವಾರ ಓದಿಗಾಗಿ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಜಾಲತಾಣ ಬಳಸುವವರಲ್ಲಿ ಒಂದು ಖಾತೆಯನ್ನು ಬ್ಲಾಕ್ ಮಾಡಲು ಇಲ್ಲವೇ ದೂರಲು ಬರುವುದು ಶೇ 62 ಮಕ್ಕಳಿಗೆ ಮಾತ್ರ. ತಮ್ಮ ಪ್ರೊಫೈಲನ್ನು ಅಪರಿಚಿತರ ಕಣ್ಣಿಗೆ ಬೀಳದಂತೆ ಮುಚ್ಚಿಡಲು ಬರುವವರು ಶೇ 55. ಬಾಗಿಲು ತೆರೆಯುವುದನ್ನು ಎಲ್ಲರೂ ಕಲಿಸಿದರು, ಅಗಳಿ ಹಾಕುವುದನ್ನು ಕಲಿಸಲಿಲ್ಲ.

ಅಪರಿಚಿತನ ಮೊದಲ ಸಂದೇಶ ಹೆದರಿಸುವಂತೆ ಇರುವುದಿಲ್ಲ. ‘ಹಾಯ್’ ಅಂತ ಬರುತ್ತದೆ. ಇಲ್ಲವೇ ಅವಳು ಹಾಕಿದ ರೀಲ್ಸ್‌ಗೆ ಒಂದು ಹೃದಯ. ನಾಲ್ಕು ದಿನದ ಮೇಲೆ ‘ಊಟ ಆಯ್ತಾ?’ ಅಜ್ಜಿ ಸಂಜೆಗೇ ಉಂಡು ಮಲಗಿರುತ್ತಾಳೆ, ಅವ್ವ ಬೆಂಗಳೂರಿನಲ್ಲಿ ಇಟ್ಟಿಗೆ ಹೊತ್ತು ಸುಸ್ತಾಗಿ ಫೋನೆತ್ತುವುದಿಲ್ಲ. ಇಡೀ ದಿನ ಆ ಹುಡುಗಿಯನ್ನು ಉಂಡೆಯಾ ಎಂದು ಕೇಳಿದವನು ಅವನೊಬ್ಬನೇ. ಆಮೇಲೆ ಪರೀಕ್ಷೆಯ ಚಿಂತೆ, ಅಣ್ಣನ ಹೊಡೆತ, ಮನೆಯ ಸಾಲ ಎಲ್ಲವೂ ಅವನಿಗೆ ಗೊತ್ತಾಗುತ್ತವೆ. ಅವನ ನಂಬರು ಗೆಳತಿಯ ಹೆಸರಲ್ಲೋ ‘ಸೈನ್ಸ್ ಟೀಚರ್’ ಎಂದೋ ಸೇವ್ ಆಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಮನೆಯವರಿಗೆ ತೋರಿಸುವ ಖಾತೆ ಒಂದು, ಅದರ ಹಿಂದೆ ಇನ್ನೊಂದು. ಮುಂದೊಂದು ದಿನ ಫೋಟೊ ಕಳಿಸು ಎನ್ನುತ್ತಾನೆ. ಕಳಿಸಿದ ಮೇಲೆ ದನಿ ಬದಲಾಗುತ್ತದೆ: ಬರದಿದ್ದರೆ ಇದನ್ನು ನಿಮ್ಮ ಅಪ್ಪನಿಗೆ ಕಳಿಸುತ್ತೇನೆ.

ಆ ಬೆದರಿಕೆಗೆ ಬಲ ಬರುವುದು ಎಲ್ಲಿಂದ? ಫೋಟೊದಿಂದಲ್ಲ, ಅಪ್ಪ ಏನು ಮಾಡಬಹುದು ಎಂಬುದು ಅವಳಿಗೆ ಖಚಿತವಾಗಿ ಗೊತ್ತಿರುವುದರಿಂದ. ಫೋನ್ ಕಸಿದುಕೊಳ್ಳುತ್ತಾರೆ, ಹೊಡೆಯುತ್ತಾರೆ; ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಂಡಾಳು. ಶಾಲೆ ಬಿಡಿಸುತ್ತಾರೆ. ಮುಂದಿನ ಬೇಸಿಗೆಯೊಳಗೆ ಸೋದರಮಾವನಿಗೋ ದೂರದ ಸಂಬಂಧಿಗೋ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ರಾಜ್ಯ 2016ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿದ್ದರೂ ತಪ್ಪು ಮಾಡಿದ ಮಗಳಿಗೆ ಮದುವೆಯೇ ಮದ್ದು ಎಂಬ ನಂಬಿಕೆ ಸಡಿಲವಾಗಿಲ್ಲ. ಬಾಯಿ ಬಿಟ್ಟರೆ ಓದು ಹೋಗುತ್ತದೆ ಎಂಬ ಮನೆಯಲ್ಲಿ ಯಾವ ಹುಡುಗಿಯೂ ಬಾಯಿ ಬಿಡುವುದಿಲ್ಲ. ಆನ್‌ಲೈನ್‌ನಲ್ಲಿ ಬಲೆ ಬೀಸುವವನ ನಿಜವಾದ ಬಂಡವಾಳ ಇದು, ಮತ್ತು ಅದನ್ನು ಅವನಿಗೆ ಒದಗಿಸುತ್ತಿರುವುದು ದೊಡ್ಡವರೇ.

ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಮಗುವನ್ನು ಲೈಂಗಿಕ ಉದ್ದೇಶದಿಂದ ಎಲೆಕ್ಟ್ರಾನಿಕ್ ಮಾಧ್ಯಮದ ಮೂಲಕ ಪದೇಪದೇ ಸಂಪರ್ಕಿಸುವುದನ್ನೂ, ಚಿತ್ರ ಹೊರಹಾಕುತ್ತೇನೆಂದು ಬೆದರಿಸುವುದನ್ನೂ 2012ರ ಪೋಕ್ಸೊ ಕಾಯ್ದೆಯ 11ನೇ ಕಲಂ ಲೈಂಗಿಕ ಕಿರುಕುಳ ಎಂದೇ ಹೇಳುತ್ತದೆ. ಚಿತ್ರ ನಿಜದ್ದೋ ಕೃತಕವೋ ಎಂಬ ಭೇದವನ್ನೂ ಅದು ಮಾಡುವುದಿಲ್ಲ. ಮಕ್ಕಳನ್ನು ಪುಸಲಾಯಿಸಿ ಅಂಥ ಆನ್‌ಲೈನ್ ಸಂಬಂಧಕ್ಕೆ ಎಳೆಯುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಅಂದರೆ ಹುಡುಗಿ ಮನೆ ಬಿಡುವ ತನಕ ಕಾಯಬೇಕಿಲ್ಲ. ಸಂದೇಶಗಳಿರುವಾಗಲೇ ದೂರು ಕೊಡಬಹುದು.

ಇನ್ನು ಮಗು ಕಾಣೆಯಾದ ಮೊದಲ ರಾತ್ರಿ. ಆ ರಾತ್ರಿ ಮನೆಯಲ್ಲಿ ನಡೆಯುವುದನ್ನು ಈ ಸೀಮೆಯವರಿಗೆ ವಿವರಿಸಬೇಕಿಲ್ಲ. ಸಂಬಂಧಿಕರಿಗೆ ಗುಟ್ಟಾಗಿ ಫೋನು ಹೋಗುತ್ತದೆ. ಬಸ್ ನಿಲ್ದಾಣದಲ್ಲಿ ಅಣ್ಣ ಹುಡುಕುತ್ತಾನೆ. ಯಾರೋ ಶಾಸ್ತ್ರ ಕೇಳಲು ಹೋಗುತ್ತಾರೆ. ‘ಈಗ ಠಾಣಿ ಮೆಟ್ಟಿಲು ಹತ್ತಿದ್ರ ನಾಳೆ ಆಕಿನ ಮದುವಿ ಹೆಂಗ ಮಾಡೋದು’ ಎಂದು ಹಿರಿಯರೊಬ್ಬರು ತಡೆಯುತ್ತಾರೆ. ಹಾಗೂ ಹೀಗೂ ಧೈರ್ಯ ಮಾಡಿ ಹೋದರೆ ಕೆಲವೊಮ್ಮೆ ಅಲ್ಲಿಯೂ ಅದೇ ಮಾತು: ಯಾರ ಜೊತೆ ಹೋಗ್ಯಾಳ ನೋಡ್ರಿ, ಎರಡು ದಿನ ಕಾಯ್ರಿ, ತಾನೇ ಬರ್ತಾಳ.

ಕಾಯಬೇಕಿಲ್ಲ. ಬಚಪನ್ ಬಚಾವೋ ಆಂದೋಲನ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಮೇ 10ರಂದು ಕೊಟ್ಟ ಆದೇಶ ಸ್ಪಷ್ಟವಾಗಿದೆ. ಮಗು ಕಾಣೆಯಾದ ಪ್ರತಿ ದೂರಿಗೂ ಎಫ್‌ಐಆರ್ ಆಗಬೇಕು, ಅಪಹರಣವೋ ಸಾಗಣೆಯೋ ನಡೆದಿದೆ ಎಂಬ ಊಹೆಯಿಂದಲೇ ತನಿಖೆ ಆರಂಭವಾಗಬೇಕು. 24 ಗಂಟೆ ಕಳೆಯಲಿ ಎಂಬ ನಿಯಮ ಎಲ್ಲಿಯೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಹದ್ದು ನಮ್ಮದಲ್ಲ ಎನ್ನುವಂತಿಲ್ಲ. ಗುಳೆ ಹೋದವರಿಗೆ ಇದು ಬಹಳ ಮುಖ್ಯ. ಮಗಳು ಮಸ್ಕಿಯ ಹಳ್ಳಿಯಿಂದ ಕಾಣೆಯಾಗಿ, ಅಪ್ಪ ಬೆಂಗಳೂರಿನ ಕೆಲಸದ ಜಾಗದಲ್ಲಿದ್ದರೆ ಅಲ್ಲಿನ ಠಾಣೆಯಲ್ಲೇ ದೂರು ದಾಖಲಿಸಬಹುದು; ಬಸ್ಸು ಹತ್ತಿ ಒಂದು ರಾತ್ರಿ ಕಳೆಯಬೇಕಿಲ್ಲ. ತುರ್ತು ನೆರವಿಗೆ 112, ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧಕ್ಕೆ 1930. ಈ ಮೂರು ನಂಬರು ಪ್ರತಿ ಹಾಸ್ಟೆಲಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ.

ತಾಯಿಯ ಆತಂಕವನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಕರಣ ಎಲ್ಲರಿಗೂ ತಿಳಿದಿರಬೇಕು. ಸರೇ ಪ್ರಾಂತ್ಯದ ಬ್ರೆಕ್ ಬೆಡ್ನಾರ್ 14ರ ಹುಡುಗ, ಕಂಪ್ಯೂಟರ್ ಆಟಗಳಲ್ಲಿ ಮುಳುಗಿರುತ್ತಿದ್ದವನು. ಆಟದ ಗುಂಪಿನಲ್ಲಿ ಸಿಕ್ಕ ಯುವಕನೊಬ್ಬ ಮಗನನ್ನು ಮನೆಯವರಿಂದ ದೂರ ಎಳೆಯುತ್ತಿದ್ದಾನೆ ಎಂದು ತಾಯಿ ಲೊರಿನ್ ಲಫೇವ್ 2013ರ ಡಿಸೆಂಬರ್‌ನಲ್ಲೇ ಪೊಲೀಸರಿಗೆ ಫೋನ್ ಮಾಡಿದರು. ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಎರಡು ತಿಂಗಳ ಬಳಿಕ ಹುಡುಗ, ಗೆಳೆಯನ ಮನೆಯಲ್ಲಿ ಉಳಿಯುತ್ತೇನೆಂದು ಹೇಳಿ ಆ ಯುವಕನ ಮನೆಗೆ ಹೋದ. ಅಲ್ಲಿ ಕೊಲೆಯಾದ. ಸರೇ ಪೊಲೀಸರು ಆಮೇಲೆ ಕ್ಷಮೆ ಕೇಳಿದರು. ಬೇಟೆಗೆ ಬಿದ್ದದ್ದು ಗಂಡುಮಗು ಎಂಬುದನ್ನೂ ಇಲ್ಲಿ ಗಮನಿಸಬೇಕು. ಗಂಡುಮಕ್ಕಳಿಗೆ ಏನೂ ಆಗದು ಎಂಬ ಧೈರ್ಯ ನಮ್ಮ ಮನೆಗಳಲ್ಲಿ ಅತಿಯಾಗಿದೆ.

ಕರ್ನಾಟಕದ ಉದಾಹರಣೆಗಳೂ ಇವೆ. 2021ರ ಅಕ್ಟೋಬರ್ 31ರಂದು ಬೆಂಗಳೂರಿನ 17ರ ವಿದ್ಯಾರ್ಥಿನಿಯೊಬ್ಬಳು ಒಂದೆರಡು ಜೊತೆ ಬಟ್ಟೆ, ಸ್ವಲ್ಪ ಹಣದೊಂದಿಗೆ ಮನೆ ಬಿಟ್ಟಳು. ಅಂತರ್ಜಾಲದಲ್ಲಿ ಪರಿಚಯವಾದ ಯಾವುದೋ ಆಧ್ಯಾತ್ಮಿಕ ಪಂಥದ ಮಾತುಗಳು ಮಗಳ ಮೇಲೆ ಪ್ರಭಾವ ಬೀರಿದ್ದವು ಎಂದು ಪಾಲಕರು ಹೇಳಿದರು. ಪ್ರೇಮವಿಲ್ಲ, ಹಣದ ಆಸೆಯಿಲ್ಲ, ಮನೆಯಲ್ಲಿ ಬಡತನವಿಲ್ಲ. ಆದರೂ ಹೋದಳು. 2022ರ ಜನವರಿಯಲ್ಲಿ ಗುಜರಾತಿನ ಸೂರತ್‌ನಲ್ಲಿ ಪತ್ತೆಯಾದಳು. ಇನ್ನೊಂದು ಕಥೆ ಗಡಿಯಾಚೆಯದು. ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹದಿಹರೆಯದ ಹುಡುಗಿಗೆ ಬೆಂಗಳೂರಿನಲ್ಲಿ ಕಾವಲುಗಾರನಾಗಿದ್ದ ಉತ್ತರ ಪ್ರದೇಶದ ಯುವಕ ಪರಿಚಯವಾದದ್ದು ಲುಡೊ ಆಟದಲ್ಲಿ. ನೇಪಾಳದ ದಾರಿಯಲ್ಲಿ ಬಂದು ಬೆಂಗಳೂರಿನಲ್ಲಿ ಬೇರೆ ಹೆಸರಿನಲ್ಲಿ ಇದ್ದವಳು 2023ರ ಜನವರಿಯಲ್ಲಿ ಪೊಲೀಸರಿಗೆ ಸಿಕ್ಕಳು. ಅಲ್ಲಿ ಅವಳ ಮನೆಯವರಿಗೆ ಸುಳಿವು ಸಿಕ್ಕದ್ದು ತಾಯಿಗೆ ಅವಳೇ ಮಾಡಿದ ವಾಟ್ಸ್‌ಆ್ಯಪ್ ಕರೆಯಿಂದ. ಇನ್‌ಸ್ಟಾಗ್ರಾಂ ತೆಗೆಸಿದರೆ ಸಾಕು ಎಂದುಕೊಳ್ಳುವವರು ಲುಡೊ ಆಟದ ಒಳಗೂ ಮಾತುಕತೆಯ ಕಿಟಕಿ ಇದೆ ಎಂಬುದನ್ನು ಮರೆಯುತ್ತಾರೆ.

ಅದೇ ಅಂತರ್ಜಾಲ ಮಕ್ಕಳನ್ನು ಮರಳಿ ತಂದುಕೊಟ್ಟದ್ದೂ ಇದೆ. 2024ರ ಜನವರಿಯಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಟ್ಯೂಷನ್ನಿಗೆ ಹೋಗಿ ಕಾಣೆಯಾದ 12ರ ಹುಡುಗ ಮೂರು ದಿನಗಳ ಮೇಲೆ ಹೈದರಾಬಾದ್ ಮೆಟ್ರೊ ನಿಲ್ದಾಣದಲ್ಲಿ ಸಿಕ್ಕಿದ್ದು, ತಾಯಿಯ ಮೊರೆಯನ್ನು ಫೋನಿನಲ್ಲಿ ನೋಡಿದ್ದ ಪ್ರಯಾಣಿಕರೊಬ್ಬರು ಗುರುತಿಸಿದ್ದರಿಂದ.

ಫೋನ್ ಒಂದು ಸಾಕ್ಷ್ಯ ಕೂಡ. ಸಿಟ್ಟಿನಲ್ಲಿ ಅದನ್ನು ಒಡೆಯುವ ಅಣ್ಣ, ಮಾನ ಉಳಿಸಲೆಂದು ಎಲ್ಲ ಸಂದೇಶ ಅಳಿಸುವ ಅಕ್ಕ, ಹೊಸ ಸಿಮ್ ಹಾಕಲೆಂದು ರೀಸೆಟ್ ಮಾಡಿಸುವ ಚಿಕ್ಕಪ್ಪ, ಮೂವರೂ ತಮಗೆ ಗೊತ್ತಿಲ್ಲದೆ ಕರೆದೊಯ್ದವನಿಗೆ ನೆರವಾಗುತ್ತಾರೆ. ಮೊಬೈಲ್ ಕಂಪನಿಯ ಕರೆ ದಾಖಲೆಯಲ್ಲಿ ಸಾಮಾನ್ಯ ಕರೆ, ಎಸ್‌ಎಂಎಸ್ ಕಾಣುತ್ತವೆಯೇ ಹೊರತು ವಾಟ್ಸ್‌ಆ್ಯಪ್‌ನಲ್ಲಿ ಆಡಿದ ಮಾತು ಕಾಣುವುದಿಲ್ಲ. ಅದು ಇದ್ದರೆ ಮನೆಯಲ್ಲಿ ಉಳಿದ ಆ ಫೋನಿನಲ್ಲೇ ಇರಬೇಕು. ಆದ್ದರಿಂದ ಅದನ್ನು ಇದ್ದ ಹಾಗೆಯೇ ಪೊಲೀಸರಿಗೆ ಕೊಡಬೇಕು. ಮಗಳ ಖಾತೆಯ ಹೆಸರು, ಜಿಮೇಲ್ ವಿಳಾಸ, ಅವಳು ಆಡುತ್ತಿದ್ದ ಆಟದ ಹೆಸರು, ಆಪ್ತ ಗೆಳತಿಯ ಹೆಸರು ದೂರಿನಲ್ಲೇ ಬರೆಸಬೇಕು. ಪೊಲೀಸರು ಕೋರಿದರೆ ಇನ್‌ಸ್ಟಾಗ್ರಾಂನ ಒಡೆತನದ ಮೆಟಾ ಕಂಪನಿ ಖಾತೆಯ ದಾಖಲೆಯನ್ನು 90 ದಿನ ಕಾದಿರಿಸುತ್ತದೆ. ಮಗುವಿನ ಜೀವಕ್ಕೆ ಅಪಾಯವಿದ್ದಾಗ ತುರ್ತು ಕೋರಿಕೆ ಸಲ್ಲಿಸಲು ಬೇರೆಯೇ ದಾರಿ ಇದೆ. ತಾಲ್ಲೂಕು ಠಾಣೆಯ ಪ್ರತಿ ಸಬ್‌ಇನ್‌ಸ್ಪೆಕ್ಟರ್‌ಗೂ ಇದು ನೀರು ಕುಡಿದಷ್ಟು ಸಲೀಸಾಗಬೇಕು. ಜಿಲ್ಲಾ ಕೇಂದ್ರದ ಸೈಬರ್ ಠಾಣೆಯತ್ತ ಬೆರಳು ತೋರಿಸುತ್ತ ಕೂತರೆ ಆ ಹೊತ್ತಿಗೆ ಬಸ್ಸು ಎರಡು ಜಿಲ್ಲೆ ದಾಟಿರುತ್ತದೆ.

ಬಸ್ಸಿನ ಮಾತು ಬಂದಾಗ ಇನ್ನೊಂದು ಸಂಗತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಓಡಾಡುತ್ತಿದ್ದಾರೆ. ಹಳ್ಳಿಯ ಹುಡುಗಿಯರು ಕಾಲೇಜು ಮುಟ್ಟಲು ಅದು ಎಷ್ಟು ನೆರವಾಗಿದೆ ಎಂಬುದನ್ನು ಬೆಳಗಿನ ಬಸ್ಸು ನೋಡಿದವರಿಗೆ ಹೇಳಬೇಕಿಲ್ಲ. ಮನೆ ಬಿಟ್ಟವರು ಹತ್ತುವುದೂ ಅದೇ ಬಸ್ಸನ್ನು ಎಂದು ಯೋಜನೆಯನ್ನೇ ದೂರುವುದು ಅನ್ಯಾಯ. ಬದಲಿಗೆ ಹೀಗೆ ಯೋಚಿಸಬಹುದು: ಶೂನ್ಯ ಟಿಕೆಟ್ ಕೊಡುವಾಗ ಕಂಡಕ್ಟರ್ ಆಧಾರ್ ಕಾರ್ಡ್ ನೋಡುತ್ತಾರೆ, ಅದರ ಮೇಲೆ ಹುಟ್ಟಿದ ದಿನಾಂಕವಿರುತ್ತದೆ. ರಾತ್ರಿಯ ದೂರದ ಬಸ್ಸಿನಲ್ಲಿ 15ರ ಹುಡುಗಿ ಒಬ್ಬಳೇ ಕೂತು ಅಳುತ್ತಿದ್ದರೆ 1098ಕ್ಕೆ ಒಂದು ಕರೆ ಮಾಡಲು ಕಂಡಕ್ಟರ್‌ಗೆ ತರಬೇತಿ ಕೊಡುವುದು ಕಷ್ಟವಲ್ಲ. ಅವಳ ಪಕ್ಕದಲ್ಲಿ ಕೂತವನ ಜಾತಿ, ಧರ್ಮ ವಿಚಾರಿಸುವ ಕೆಲಸ ಮಾತ್ರ ಕಂಡಕ್ಟರದ್ದಲ್ಲ, ಬಸ್ಸು ಅಡ್ಡಗಟ್ಟುವ ಯಾವ ಗುಂಪಿನದೂ ಅಲ್ಲ.

ಮನೆ ಬಿಟ್ಟವರೆಲ್ಲ ಬಲೆಗೆ ಬಿದ್ದವರೂ ಅಲ್ಲ. ಮನೆಯಲ್ಲಿ ಗೊತ್ತು ಮಾಡಿದ ಮದುವೆಯಿಂದ ತಪ್ಪಿಸಿಕೊಳ್ಳಲು ಹೊರಟವಳು ಇರಬಹುದು. ಅವಳ ಫೋನಿನಲ್ಲಿ ಸಿಗುವ ‘ಗುಟ್ಟಿನ ನಂಬರು’ ಸಹಾಯ ಮಾಡಲು ಒಪ್ಪಿದ ಗೆಳತಿಯ ಅಣ್ಣನದ್ದೂ ಆಗಿರಬಹುದು. 17ರ ಹುಡುಗಿ, 19ರ ಹುಡುಗ ಒಬ್ಬರನ್ನೊಬ್ಬರು ಮೆಚ್ಚಿ ಹೋದದ್ದೂ ಇರಬಹುದು. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳ 7,064 ಪೋಕ್ಸೊ ತೀರ್ಪುಗಳನ್ನು ಓದಿ ನೋಡಿದಾಗ 1,715ರಲ್ಲಿ, ಅಂದರೆ ಸುಮಾರು ನಾಲ್ಕರಲ್ಲೊಂದರಲ್ಲಿ ಇದ್ದದ್ದು ಪ್ರೇಮ ಪ್ರಕರಣ. ಇಂಥ ಪ್ರಕರಣಗಳು ಹೆಚ್ಚುತ್ತಿರುವುದನ್ನು ಕಂಡು, ಸಮ್ಮತಿಯ ವಯಸ್ಸಿನ ಮಿತಿಯ ಬಗ್ಗೆ ಮರುಚಿಂತನೆ ಮಾಡುವಂತೆ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ ಕಾನೂನು ಆಯೋಗಕ್ಕೆ ಹೇಳಿತು. ಮಿತಿ 18ಕ್ಕಿಂತ ಇಳಿಯಬಾರದು, 16ರಿಂದ 18ರ ನಡುವಿನವರ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆಯ ಅಧಿಕಾರವಿರಲಿ ಎಂದು ಆಯೋಗ 2023ರಲ್ಲಿ ಉತ್ತರಿಸಿತು. ಆ ಚರ್ಚೆ ಮುಗಿದಿಲ್ಲ. ಆದರೆ ಹುಡುಕುವ ಹೊತ್ತಿನಲ್ಲಿ ಆ ಚರ್ಚೆಯ ಅಗತ್ಯವೂ ಇಲ್ಲ. ಮಗು ಪ್ರೀತಿಸಿ ಹೋಗಿರಲಿ, ಹೆದರಿ ಹೋಗಿರಲಿ, ಬೇಗ ಸಿಗಬೇಕು. ‘ತಾನಾಗಿ ಓಡಿ ಹೋದವಳು’ ಎಂಬ ಹಣೆಪಟ್ಟಿ ಹಚ್ಚಿದ ಗಳಿಗೆಯಿಂದ ಹುಡುಕಾಟದ ಕಾವು ಇಳಿಯುತ್ತದೆ, ಠಾಣೆಯಲ್ಲೂ ಊರಲ್ಲೂ.

ಸಿಕ್ಕಳು ಅಂತಿಟ್ಟುಕೊಳ್ಳೋಣ. ಅವಳನ್ನು ಹುಡುಕಲೆಂದು ಊರಿನ ಹತ್ತಾರು ವಾಟ್ಸ್‌ಆ್ಯಪ್ ಗುಂಪುಗಳಿಗೆ, ಸ್ಥಳೀಯ ಯೂಟ್ಯೂಬ್ ಚಾನೆಲ್ಲುಗಳಿಗೆ ಹೋದ ಫೋಟೊ ಅಲ್ಲಿಯೇ ಉಳಿಯುತ್ತದೆ. ಪೋಕ್ಸೊ ಕಾಯ್ದೆಯ 23ನೇ ಕಲಂ, ಬಾಲನ್ಯಾಯ ಕಾಯ್ದೆಯ 74ನೇ ಕಲಂ ಎರಡೂ ಇಂಥ ಮಗುವಿನ ಗುರುತು ಹೊರಬೀಳಬಾರದು ಎನ್ನುತ್ತವೆ. ಆದರೂ ಮಗು ಸಿಕ್ಕ ಮಾರನೆಯ ದಿನ ಫೋಟೊ ಅಳಿಸಿ ಎಂದು ಗುಂಪುಗಳಿಗೆ ತಿಳಿಸುವವರು ಯಾರೂ ಇಲ್ಲ. ಪ್ರಕಟಣೆ ಕೊಟ್ಟ ಠಾಣೆಯೇ ಅದನ್ನೂ ಮಾಡಬೇಕು. ಹಂಚಿದವರು ಅಷ್ಟೇ ಉತ್ಸಾಹದಿಂದ ಅಳಿಸಬೇಕು. ಹುಡುಗಿಯನ್ನು ರಾಯಚೂರಿನ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ. ಹೇಳಿಕೆ ಪಡೆಯುವಾಗ ಮಹಿಳಾ ಅಧಿಕಾರಿ ಇರಬೇಕು, ಸಮವಸ್ತ್ರ ಇರಬಾರದು, ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳಬಾರದು ಎಂದು ಪೋಕ್ಸೊ ಹೇಳುತ್ತದೆ. ಇದೆಲ್ಲ ಮುಗಿದು ಊರಿಗೆ ಬಂದವಳಿಗೆ ಶಾಲೆಯಲ್ಲಿ ಸಿಗುವುದು ಟಿಸಿ. ಬೇರೆ ಹುಡುಗಿಯರು ಕೆಡುತ್ತಾರೆ ಎಂಬ ಕಾರಣ ಕೊಡುತ್ತಾರೆ. ಇದನ್ನು ಕಣ್ಣಾರೆ ಕಂಡ ಆ ಬೇರೆ ಹುಡುಗಿಯರು ಕಲಿಯುವ ಪಾಠ ಒಂದೇ: ಏನೇ ಆದರೂ ಯಾರಿಗೂ ಹೇಳಬಾರದು.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಶಾಲೆಯಲ್ಲೇ. ಪ್ರತಿ ಪ್ರೌಢಶಾಲೆಯ ಎಸ್‌ಡಿಎಂಸಿ ಜೂನ್ ತಿಂಗಳ ಮೊದಲ ಸಭೆಯಲ್ಲಿ ಒಂದು ಠರಾವು ಬರೆಯಲಿ: ಆನ್‌ಲೈನ್‌ನಲ್ಲಿ ತೊಂದರೆಗೆ ಸಿಕ್ಕಿದ್ದೇನೆ ಎಂದು ಬಂದು ಹೇಳಿದ ಯಾವ ಮಗುವಿಗೂ, ಮನೆ ಬಿಟ್ಟು ಮರಳಿದ ಯಾವ ಮಗುವಿಗೂ ಈ ಶಾಲೆ ಟಿಸಿ ಕೊಡುವುದಿಲ್ಲ. ಅದನ್ನು ಪ್ರಾರ್ಥನೆಯ ಹೊತ್ತಿಗೆ ಮಕ್ಕಳೆದುರು, ಪಾಲಕರ ಸಭೆಯಲ್ಲಿ ಅಪ್ಪಂದಿರೆದುರು ಗಟ್ಟಿಯಾಗಿ ಓದಲಿ. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಕುಡಿಯುವ ನೀರು, ಶೌಚಾಲಯದ ಜೊತೆಗೆ ಇದೂ ಚರ್ಚೆಯಾಗಲಿ. ಗುಳೆ ಹೋಗುವ ಮನೆಗಳ ಮಕ್ಕಳ ಪಟ್ಟಿ ಪಂಚಾಯಿತಿಯಲ್ಲಿದ್ದರೆ ವಾರಕ್ಕೊಮ್ಮೆ ಅವರನ್ನು ಮಾತನಾಡಿಸುವ ಹೊಣೆಯನ್ನು ಒಬ್ಬ ಶಿಕ್ಷಕಿಗೋ ಆಶಾ ಕಾರ್ಯಕರ್ತೆಗೋ ವಹಿಸಬಹುದು, ಅದಕ್ಕೆ ಗೌರವಧನವನ್ನೂ ಕೊಡಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ‘ಸ್ನೇಹ ಕ್ಲಿನಿಕ್’ ಇದೆ. ಅಲ್ಲಿನ ಆಪ್ತಸಮಾಲೋಚಕರು ಹಾಸ್ಟೆಲುಗಳಿಗೇ ಹೋಗಿ ಕೂರುವಂತಾಗಲಿ. ಪೊಲೀಸರ ‘ತೆರೆದ ಮನೆ’ ಕಾರ್ಯಕ್ರಮಕ್ಕೆ ಬಂದ ಮಕ್ಕಳಿಗೆ ಬಂದೂಕು, ಬೇಡಿ, ವೈರ್‌ಲೆಸ್ ತೋರಿಸಿದ ಮೇಲೆ ಅರ್ಧ ಗಂಟೆ ಕೂರಿಸಿಕೊಂಡು, ಬೆದರಿಸುವವನ ಖಾತೆಯ ಸ್ಕ್ರೀನ್‌ಶಾಟ್ ತೆಗೆಯುವುದು ಹೇಗೆ, ಬ್ಲಾಕ್ ಮಾಡುವ ಮೊದಲು ಅದನ್ನು ಉಳಿಸಿಕೊಳ್ಳುವುದು ಏಕೆ, ದೂರು ಕೊಡಲು ಬಂದರೆ ಮೊದಲು ಮಾತನಾಡಿಸುವ ಮಹಿಳಾ ಪೊಲೀಸರು ಯಾರು ಎಂಬುದನ್ನು ಹೆಸರು ಹೇಳಿ, ಮುಖ ತೋರಿಸಿ ಪರಿಚಯಿಸಲಿ.